ನಮಗೂ ಒಂದು ಕಡಲಿತ್ತು

ಕರಾವಳಿಯವರ ಮುಂದೆ ನೀರಿನ ಮಾತು ಎತ್ತಬಾರದು. ಎತ್ತಿದರೆ ಆ ಸಂಜೆ ಹೋಯಿತೆಂದೇ ಲೆಕ್ಕ. ನಮ್ಮ ಪಕ್ಕದ ಮನೆಗೆ ಬಂದಿರುವವರು ಸುಳ್ಯದ ಕಡೆಯವರು, ಕೊಳ್ಳೇಗಾಲಕ್ಕೆ ವರ್ಗವಾಗಿ ಬಂದವರು. ಮಾತು ಮಾತಿಗೂ 'ಮಾರಾಯ್ರೆ' ಅನ್ನುವುದರಿಂದ ನಮ್ಮ ಮನೆಯಲ್ಲಿ ಅವರಿಗೆ ಮಾರಾಯರು ಅಂತಲೇ ಹೆಸರು ಬಿದ್ದಿದೆ. ನಮ್ಮವ್ವ ಈಗ ಎದುರಿಗೇ ಹಾಗೆ ಕೂಗುತ್ತಾಳೆ, ಅವರೂ ಓಗೊಡುತ್ತಾರೆ. ಎರಡು ಹಿತ್ತಿಲ ನಡುವೆ ತಂತಿ ಬೇಲಿ. ಅದರ ಮೇಲೆ ಅವರು ತೊಂಡೆ ಹಬ್ಬಿಸಿದ್ದಾರೆ. ಬಿಸಿಲು ನಮ್ಮ ಕಡೆ ಜಾಸ್ತಿಯಾದ್ದರಿಂದ ಬಳ್ಳಿ ಅವರದು, ಕಾಯಿ ನಮ್ಮ ಕಡೆ. ಕೊಯ್ಯಲು ಬಂದವರು ಕೈಯಾಡಿಸುತ್ತಲೇ ಬಾಯಿಗೂ ಕೆಲಸ ಕೊಡುತ್ತಾರೆ.

ಮೊನ್ನೆ ಕೇಳಿದರು, "ಮೇಷ್ಟ್ರೆ, ಈ ಊರಲ್ಲಿ ಒಂದು ಹೊಳೆ ಇಲ್ವಾ?"

ಕಾವೇರಿ ದಂಡೆಯ ತಾಲ್ಲೂಕಿನಲ್ಲಿ ನಿಂತುಕೊಂಡು ಕೇಳುವ ಪ್ರಶ್ನೆಯೇ ಇದು! ನಾನು ಹಾಗಂದದ್ದಕ್ಕೆ ಅವರು ತೊಂಡೆಕಾಯಿಯ ತೊಟ್ಟು ಮುರಿಯುತ್ತಾ, "ಅದನ್ನು ನೋಡಿ ಬಂದೇ ಕೇಳಿದ್ದು. ದಾಸನಪುರದ ಹತ್ತಿರ ಹೋಗಿದ್ದೆ. ಬಂಡೆ ಉಂಟು, ಮರಳುಂಟು, ನಡುವೆ ಸ್ವಲ್ಪ ನೀರೂ ಉಂಟು. ಹೊಳೆ ಎಲ್ಲಿ ಮಾರಾಯ್ರೆ?" ಅಂದರು.

ಹೋದದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ನೋಡಿ ಕಾವೇರಿಗೆ ಅಂಕ ಹಾಕುವುದು ಪರೀಕ್ಷೆ ಮುಗಿದ ಮೇಲೆ ಬಂದು ಶಾಲೆ ಖಾಲಿ ಇದೆ ಅನ್ನುವವರ ಕೆಲಸ. ಆಷಾಢ ಕಳೆದು ಶ್ರಾವಣಕ್ಕೆ ಬನ್ನಿ ಅಂದೆ. ಆಗ ಇಲ್ಲಿ ಏನಾಗುತ್ತದೆಂದರೆ, ಆಕಾಶದಲ್ಲಿ ಒಂದು ತುಂಡು ಕಪ್ಪು ಮೋಡ ಇರುವುದಿಲ್ಲ, ಒಣಗಾಳಿ ಬೀಸುತ್ತಿರುತ್ತದೆ, ಹೊಲದಲ್ಲಿ ಪೈರು ಬಾಡುತ್ತಿರುತ್ತದೆ, ಹೊಳೆ ಮಾತ್ರ ದಡ ಮೀರಿ ಬರುತ್ತದೆ. ಕೊಡಗಿನ ಮಳೆ ಕನ್ನಂಬಾಡಿ ತುಂಬಿಸಿ, ವಯನಾಡಿನ ಮಳೆ ಕಬಿನಿ ತುಂಬಿಸಿ, ಎರಡೂ ಕಡೆ ಬಾಗಿಲು ತೆಗೆದರೆ ತಿರುಮಕೂಡಲು ನರಸೀಪುರದಲ್ಲಿ ಎರಡೂ ನೀರು ಕೂಡಿಕೊಂಡು ನಮ್ಮ ಮೇಲೆ ಬೀಳುತ್ತವೆ. 2018ರಲ್ಲೂ 2019ರಲ್ಲೂ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿಯವರು ದನಕರು ಬಿಚ್ಚಿಕೊಂಡು ಊರು ಬಿಟ್ಟು ಬಂದರು. ತಮ್ಮ ಹೊಲಕ್ಕೆ ಹನಿ ಮಳೆ ಕಾಣದವರು ಬೇರೆ ಸೀಮೆಯ ಮಳೆಗೆ ಗಂಜಿಕೇಂದ್ರ ಸೇರಿದರು.

ಮಾರಾಯರಿಗೆ ಇದು ನಂಬಿಕೆಯಾಗಲಿಲ್ಲ. ಅವರ ಕಡೆ ನೆರೆ ಬರುವುದಾದರೆ ಮೊದಲು ತಲೆಯ ಮೇಲೆ ಮಳೆ ಬಂದಿರಬೇಕು. ಆಟಿ ತಿಂಗಳಲ್ಲಿ ಹೊಳೆಗೆ ಇಳಿಯಲಿಕ್ಕಿಲ್ಲ ಅಂತ ಮಕ್ಕಳಿಗೆ ಹೇಳುವುದೇ ಬೇಡ, ಹೊಳೆಯೇ ಗದರಿಸುತ್ತದೆ. ನಮ್ಮಲ್ಲಿ ಇಡೀ ವರ್ಷ ಬೀಳುವ ಮಳೆ ಅವರಲ್ಲಿ ಆ ಒಂದು ತಿಂಗಳಿಗೆ ಸಾಲದು. "ನಿಮ್ಮ ಹೊಳೆಗೆ ಮಳೆಯೇ ಬೇಡ ಅಂತಾಯ್ತು," ಅಂದರು, ಅರ್ಧ ತಮಾಷೆ, ಅರ್ಧ ಅನುಕಂಪ.

ಅವರ ಹೊಳೆ ಪಯಸ್ವಿನಿ. ಸುಳ್ಯ ಪೇಟೆಯ ಮಗ್ಗುಲಲ್ಲೇ ಹರಿಯುತ್ತದೆ. ಹುಟ್ಟುವುದು ಕೊಡಗಿನಲ್ಲಿ, ತಲಕಾವೇರಿಯ ಕಾಡುಗಳ ಕಡೆ. ಘಟ್ಟ ಇಳಿದು, ಕಾಸರಗೋಡು ಸೀಮೆಯಲ್ಲಿ ಚಂದ್ರಗಿರಿ ಹೊಳೆ ಎನಿಸಿಕೊಂಡು, ಚಂದ್ರಗಿರಿ ಕೋಟೆಯ ಕೆಳಗೆ ಹಾದು ಕಡಲು ಸೇರುತ್ತದೆ. ಒಟ್ಟು ದಾರಿ ಸುಮಾರು 105 ಕಿಲೋಮೀಟರ್. ಅಂದರೆ ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಹೊಳೆಯ ಹುಟ್ಟು ಸಾವು ಎರಡನ್ನೂ ನೋಡಿ ಮುಗಿಸಬಹುದು.

ಇಲ್ಲಿ ನನಗೆ ಮೇಷ್ಟ್ರಗಿರಿ ತಡೆಯಲಾಗಲಿಲ್ಲ. "ಮಾರಾಯರೇ, ಅದೇ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ಮಳೆ ನಿಮ್ಮದು, ಪೂರ್ವಕ್ಕೆ ಬಿದ್ದದ್ದು ನಮ್ಮದು. ಕಾವೇರಿಯೂ ನಿಮ್ಮ ಪಯಸ್ವಿನಿಯೂ ಹುಟ್ಟಿದಾಗ ನೆರೆಮನೆಯವರು" ಅಂದೆ. ಅವರು ಕಾಯಿ ಕೊಯ್ಯುವುದು ನಿಲ್ಲಿಸಿದರು. "ಹಾಗಾದರೆ ಹತ್ತಿರದ ಕಡಲು ಬಿಟ್ಟು ಅಷ್ಟು ದೂರದ ಕಡಲಿಗೆ ಹೋಗೂದೆಂತಕ್ಕೆ?"

ಭೂಗೋಳದಲ್ಲಿ ಇದಕ್ಕೆ ಉತ್ತರ ಸುಲಭ. ಘಟ್ಟದ ಪಶ್ಚಿಮ ಮಗ್ಗುಲು ಗೋಡೆ ಇಳಿದ ಹಾಗೆ ಕಡಿದಾಗಿದೆ, ಪೂರ್ವಕ್ಕೆ ಇಡೀ ಪ್ರಸ್ಥಭೂಮಿ ನಿಧಾನವಾಗಿ ವಾಲಿಕೊಂಡಿದೆ, ಬೆನ್ನಿನ ಆ ಕಡೆ ಬಿದ್ದ ನೀರಿಗೆ ಬೇರೆ ದಾರಿಯಿಲ್ಲ. ಇಷ್ಟು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಮ್ಮವ್ವ ಮುಗಿಸಿಬಿಟ್ಟಳು: "ಗಂಡನ ಮನೆ ದೂರದಲ್ಲಿ ಬರೆದಿದ್ರೆ ಏನ್ ಮಾಡಕಾದ್ದು? ಓಗ್ಬೇಕು ಕನಪ್ಪ."

ಆ ಗಂಡನ ಮನೆ 800 ಕಿಲೋಮೀಟರ್ ದೂರ. ಕರ್ನಾಟಕದಲ್ಲಿ 320, ತಮಿಳುನಾಡಿನಲ್ಲಿ 416, ನಡುವೆ ಎರಡೂ ರಾಜ್ಯಗಳ ಗಡಿಯಾಗಿ 64. ಈ ಕೊನೆಯ ಅಂಕಿ ಇದೆಯಲ್ಲ, ಅದು ನಮ್ಮ ಹನೂರು ಕಡೆಯವರಿಗೆ ಬಹಳ ಹತ್ತಿರದ್ದು.

"ಏನೇ ಹೇಳಿ, ಕಡಲಿಲ್ಲದ ಊರು ಊರಲ್ಲ," ಎಂದು ಮಾರಾಯರು ಷರಾ ಬರೆದರು.

ಅದಕ್ಕೆ ನನ್ನ ಹತ್ತಿರ ಬತ್ತಳಿಕೆಯಲ್ಲಿ ಒಂದು ಬಾಣ ಇತ್ತು. ನಮಗೂ ಒಂದು ಕಡಲಿತ್ತು, ಸ್ವಾಮಿ! 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯದು. ಮದರಾಸು ನಮ್ಮ ರಾಜಧಾನಿ, ಮರೀನಾ ನಮ್ಮ ದಂಡೆ. ಹತ್ತಿರದ ಮೈಸೂರಿನವರಿಗೆ ಅರಮನೆ ಇತ್ತು, ದಸರಾ ಇತ್ತು, ಕಡಲಿರಲಿಲ್ಲ. ನಮಗೆ ಅರಮನೆ ಇರಲಿಲ್ಲ, ನಾವು ಯಾರೂ ಹೋಗಿ ನೋಡದ ಒಂದು ಸಮುದ್ರ ಇತ್ತು. ನಮ್ಮವ್ವ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ, ಮಕ್ಕಳನ್ನು ಹೆತ್ತದ್ದು ಮೈಸೂರು ಜಿಲ್ಲೆಯಲ್ಲಿ, 1997ರಿಂದ ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಇಷ್ಟೂ ಆದದ್ದು ಒಂದೇ ಬೀದಿಯೊಳಗೆ.

ಮಾರಾಯರು ನಕ್ಕರು, ಆಮೇಲೆ ಸುಮ್ಮನಾದರು. ಅವರಿಗೂ ನೆನಪಾಯಿತು. ದಕ್ಷಿಣ ಕನ್ನಡವೂ ಮದರಾಸಿನದೇ. ಅವರು ಮೈಸೂರಿಗೆ ಬಂದದ್ದೂ ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ. ಮೈಸೂರು ರಾಜ್ಯಕ್ಕೆ ಕಡಲನ್ನು ತಂದುಕೊಟ್ಟವರು ಅವರು ಮತ್ತು ಮುಂಬಯಿ ಕಡೆಯಿಂದ ಬಂದ ಉತ್ತರ ಕನ್ನಡದವರು. ನಾವು ತಂದದ್ದು ರೇಷ್ಮೆ, ಮಲೆ ಮಹದೇಶ್ವರ ಬೆಟ್ಟದ ಮಾದಪ್ಪ ಮತ್ತು ಕಾವೇರಿಯ ಒಂದು ದಡ. ಆದರೆ ಅವರ ಕಡೆಯ ಲೆಕ್ಕದಲ್ಲಿ ಒಂದು ಊನ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಪಯಸ್ವಿನಿ ಕಡಲು ಸೇರುವ ಜಾಗ ಆ ಕಡೆಗೇ ಸೇರಿಕೊಂಡಿತು. "ಹಾಗೆ ನೋಡಿದರೆ ನಮ್ಮ ಹೊಳೆಯೂ ಬೇರೆ ರಾಜ್ಯಕ್ಕೇ ಹೋಗಿ ಸೇರೂದು," ಎಂದರು. ಈ ಮಾತನ್ನು ಅವರ ಬಾಯಿಂದಲೇ ಹೊರಡಿಸಬೇಕೆಂದಿದ್ದೆ. ಹೊರಟಿತು. ಗೆದ್ದವನ ಹಾಗೆ ಒಂದು ತೊಂಡೆಕಾಯಿ ಹಸಿಯಾಗೇ ಕಡಿದೆ.

ಈ ಜಿಲ್ಲೆ, ರಾಜ್ಯಗಳ ಗೆರೆ ನೀರಿಗೆ ಮೊದಲಿನಿಂದಲೂ ಅರ್ಥವಾದ ಹಾಗಿಲ್ಲ. ಸುವರ್ಣಾವತಿಯನ್ನೇ ನೋಡಿ. ಹೊನ್ನುಹೊಳೆ ಅಂತಲೂ ಕರೆಯುತ್ತೇವೆ. ಇಲ್ಲಿಂದ ಕೂಗಳತೆಯ ಯಳಂದೂರು ಅಂದು ಮೈಸೂರು ಸಂಸ್ಥಾನ, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ. ಕೊಳ್ಳೇಗಾಲ ಬ್ರಿಟಿಷರ ಮದರಾಸು. ಯಳಂದೂರಿನಲ್ಲಿ ಮಹಾರಾಜರ ಪ್ರಜೆಯಾಗಿ ಹರಿದ ಹೊಳೆ ಮುಂದೆ ಕಾವೇರಿಗೆ ಸೇರುವ ಹೊತ್ತಿಗೆ ಪ್ರೆಸಿಡೆನ್ಸಿಯ ಪ್ರಜೆ. ಯಾವ ಠಾಣೆಯಲ್ಲೂ ನಿಲ್ಲಲಿಲ್ಲ, ಸುಂಕವನ್ನೂ ಕಟ್ಟಲಿಲ್ಲ. ಯಳಂದೂರಿನ ಬಳೆಮಂಟಪದ ಕಲ್ಲಿನ ಬಳೆಗಳ ಸರವನ್ನೂ, ಮೈಸೂರು ಅರಮನೆಯಲ್ಲಿ ಸಂಚಿ ಹಿಡಿದು ಕಾವ್ಯ ಬರೆದ ಹೊನ್ನಮ್ಮನ ಊರನ್ನೂ ಮಾರಾಯರು ನೋಡಿ ಬಂದಿದ್ದಾರೆ. ಹೊಳೆ ನೋಡಿದಿರಾ ಅಂದರೆ, "ಸೇತುವೆ ನೋಡಿದೆ. ಕೆಳಗೆ ಎಂತ ಇತ್ತೂಂತ ಗೊತ್ತಾಗಲಿಲ್ಲ" ಎಂದರು. ಅಟ್ಟುಗೂಳಿಪುರದಲ್ಲಿ ಅಣೆಕಟ್ಟೆ ಆದ ಮೇಲೆ ಬಹುಪಾಲು ದಿನ ಆ ಸೇತುವೆಯ ಕೆಳಗೆ ಇರುವುದು ಜೊಂಡೇ. ಇದರಲ್ಲಿ ಅವರ ತಪ್ಪಿಲ್ಲ.

ಶಿವನಸಮುದ್ರಕ್ಕೆ ಮಾತು ಬಂದಾಗ ಮಾತ್ರ ಅವರು ಸೋತರು. ಹೆಸರಿನಲ್ಲೇ ಸಮುದ್ರ ಇಟ್ಟುಕೊಂಡಿರುವ ಊರು. ಹೊಳೆ ಎರಡು ಕವಲಾಗಿ ಒಂದು ಗಗನಚುಕ್ಕಿಯಾಗಿ ಮಳವಳ್ಳಿಯ ಕಡೆ, ಇನ್ನೊಂದು ಭರಚುಕ್ಕಿಯಾಗಿ ನಮ್ಮ ಕಡೆ ಬೀಳುತ್ತದೆ. ನಡುವಿನ ನಡುಗಡ್ಡೆಯಲ್ಲಿ ಮಧ್ಯರಂಗ. ಶ್ರೀರಂಗಪಟ್ಟಣದ ಆದಿರಂಗ, ಇಲ್ಲಿಯ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಮಲಗಿದ್ದಾರೆ. ದೇವರಿಗೂ ನೀರಿನ ಸದ್ದಿದ್ದರೇ ನಿದ್ದೆ ಅಂತ ಕಾಣುತ್ತದೆ. ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ, ವೆಸ್ಲಿ ಸೇತುವೆ ಎಂದು ಈಗ ಕರೆಯುವ ಕಲ್ಲುಕಂಬದ ಸೇತುವೆ ಎಷ್ಟೋ ನೆರೆ ತಡೆದು ನಿಂತಿತ್ತು, ಈಚಿನ ನೆರೆಗಳಲ್ಲಿ ಅದರದ್ದೂ ಒಂದು ಭಾಗ ಕಿತ್ತುಹೋಯಿತು. 1902ರಲ್ಲಿ ಇಲ್ಲಿಂದಲೇ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟದ್ದು, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ. ಆ ಕಾಲಕ್ಕೆ ಜಗತ್ತೇ ಬೆರಗಾದ ದೂರ ಅದು. 1905ರಲ್ಲಿ ಬೆಂಗಳೂರಿಗೂ ಬೆಳಕಾಯಿತು. ನೀರು ನಮ್ಮ ಮುಂದೆಯೇ ಬಿತ್ತು, ಬೆಳಕು ಬೇರೆ ಊರಿಗೆ ಹೋಯಿತು. ಈ ಹೊಳೆಯ ಸ್ವಭಾವವೇ ಹಾಗೆ.

ಇದನ್ನು ಇನ್ನೂ ಚೆನ್ನಾಗಿ ನೋಡಬೇಕೆಂದರೆ ಮಾದಪ್ಪನ ಬೆಟ್ಟಕ್ಕೆ ಹೋಗಬೇಕು. ನಕ್ಷೆ ಬಿಡಿಸಿ ನೋಡಿದರೆ ಕಾವೇರಿ ಕೊಳ್ಳೇಗಾಲ, ಹನೂರು ಸೀಮೆಯನ್ನು ಉತ್ತರದಿಂದ ಬಳಸಿ, ಪೂರ್ವಕ್ಕೆ ತಿರುಗಿ, ದಕ್ಷಿಣಕ್ಕೆ ಇಳಿಯುತ್ತದೆ. ಆ ತೋಳಿನೊಳಗೆ ಏಳುಮಲೆ, ಎಪ್ಪತ್ತೇಳುಮಲೆ. ಹೊಳೆ ಬೆಟ್ಟವನ್ನು ಸುತ್ತುತ್ತದೆಯೇ ಹೊರತು ಹತ್ತುವುದಿಲ್ಲ. ಕೆಳಗೆ ಕಣಿವೆಯಲ್ಲಿ ಅಷ್ಟು ನೀರು ಹೋಗುತ್ತಿದ್ದರೂ ಮೇಲೆ ಕೌದಳ್ಳಿ, ರಾಮಾಪುರ, ಪೊನ್ನಾಚಿ ಕಡೆಯವರು ಕೊಳವೆಬಾವಿಯನ್ನು ಎಷ್ಟು ಅಡಿ ಕೊರೆಸಿದೆವು ಎಂದು ಮಾತಾಡಿಕೊಳ್ಳುತ್ತಾರೆ. ಕಾಡಿನ ಪೋಡುಗಳಲ್ಲಿ ಸೋಲಿಗರು ಸಣ್ಣ ಹಳ್ಳ, ದೊಣೆ, ಊಟೆಗಳ ಹೆಸರು ಹೇಳುತ್ತಾರೆ, ಕಾವೇರಿಯ ಹೆಸರು ಹೇಳುವುದಿಲ್ಲ. ನನಗನ್ನಿಸುವುದು ಇಷ್ಟೇ: ದೊಡ್ಡ ಹೊಳೆಯ ಪಕ್ಕದಲ್ಲಿ ಬದುಕಿದವರು ಅದರ ನೀರಿನಿಂದ ಬದುಕಿದವರೇ ಆಗಬೇಕಿಲ್ಲ. ನಮ್ಮನ್ನು ಸಾಕಿದ್ದು ಹೆಚ್ಚಾಗಿ ಹೆಸರಿಲ್ಲದ ಹಳ್ಳಗಳು.

ಮಾದಪ್ಪನಿಗೂ ಅದು ಗೊತ್ತು. ದೀಪಾವಳಿ ಜಾತ್ರೆಯಲ್ಲಿ ಹಾಲರವಿ ಸೇವೆ ಅಂತ ನಡೆಯುತ್ತದೆ. ಬೆಟ್ಟದ ಪೂಜಾರಿಗಳಾದ ಬೇಡಗಂಪಣ ಮನೆತನಗಳ 101 ಹೆಣ್ಣುಮಕ್ಕಳು ಉಪವಾಸವಿದ್ದು ಕಾಡಿನೊಳಗಿನ ಹಾಲಹಳ್ಳಕ್ಕೆ ನಡೆದು ಹೋಗಿ, ಬಿಂದಿಗೆಯಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಬೆಟ್ಟಕ್ಕೆ ಮರಳುತ್ತಾರೆ. ಸತ್ತಿಗೆ, ವಾದ್ಯ, ಉಘೇ ಉಘೇ ಎಂಬ ಕೂಗು. ಆ ನೀರಿನಿಂದ ಅಭಿಷೇಕ. ಬೆಟ್ಟದ ಸುತ್ತ ಹರಿಯುವುದು ದಕ್ಷಿಣ ಗಂಗೆ ಅಂತ ಕರೆಸಿಕೊಂಡ ನದಿ, ದೇವರು ಕೇಳುವುದು ಕಾಡಿನ ಹಳ್ಳದ ಒಂದು ಬಿಂದಿಗೆ ನೀರು.

ಮಾರಾಯರು, "ಕಾವೇರಿ ನೀರನ್ನು ತಂದರೆ ಆಗೂದಿಲ್ವಾ? ಟ್ಯಾಂಕರ್ ಹೋಗ್ತದಲ್ಲ?" ಎಂದರು. ಅವ್ವ ಅವರೆಕಾಯಿ ಮೊರವನ್ನು ಪಕ್ಕಕ್ಕಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ. "ವೊಳೆ ನೀರು ಎಲ್ಲಾರ್ದೂ ಕನಪ್ಪ. ಅದ್ಕೆ ಕೋರ್ಟಾಯ್ತದೆ. ಅಳ್ಳದ ನೀರು ಮಾದಪ್ಪುಂದು. ಅದ್ಕೆ ಯಾರೂ ಬರಾಕಿಲ್ಲ" ಅಂದಳು. 1892ರ ಒಪ್ಪಂದ, 1924ರ ಒಪ್ಪಂದ, ನ್ಯಾಯಮಂಡಳಿ, 2018ರ ಸುಪ್ರೀಂ ಕೋರ್ಟ್ ತೀರ್ಪು, ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ 177.25 ಟಿಎಂಸಿ, ಇಷ್ಟನ್ನೂ ಪೇಪರು ಓದದವಳು ಹೀಗೆ ಎರಡು ಮಾತಿಗೆ ಇಳಿಸಿಬಿಟ್ಟಳು. ಮೂವತ್ತು ವರ್ಷ ಪಾಠ ಹೇಳಿಯೂ ನನಗೆ ಅದು ಬರಲಿಲ್ಲ.

ಕಾವೇರಿಗೂ ಮಾದಪ್ಪನಿಗೂ ನಂಟೇ ಇಲ್ಲವೆಂದಲ್ಲ. ಶಿವರಾತ್ರಿಗೆ ಕನಕಪುರ, ರಾಮನಗರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಸಾವಿರಾರು ಭಕ್ತರು ಸಂಗಮದ ಹತ್ತಿರ ಹೊಳೆಗೇ ಇಳಿಯುತ್ತಾರೆ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿರುತ್ತದೆ. ಗಂಟನ್ನು ತಲೆಯ ಮೇಲಿಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿ, ಎದೆಮಟ್ಟದ ನೀರಲ್ಲಿ ಹಗ್ಗ ಹಿಡಿದು ದಾಟಿ ಹನೂರಿನ ಕಾಡು ಹೊಗುತ್ತಾರೆ. ಕಂಸಾಳೆಯವರು ಹಾಡುವ ಮಾದಪ್ಪನ ಕತೆಯಲ್ಲೂ ಗುಡಿ ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡ. ಆಲಂಬಾಡಿ ಇರುವುದು ಕಾವೇರಿ ದಡದಲ್ಲಿ, ಗೋಪಿನಾಥಂ ಆಚೆ. ದನಕ್ಕೆ ಹೆಸರಾದ ಸೀಮೆ. ಆಲಂಬಾಡಿ ತಳಿಯ ಎತ್ತುಗಳನ್ನು ಕಂಡರೆ ಹಳಬರ ಕೈ ತಾನಾಗಿ ಅವುಗಳ ಬೆನ್ನ ಮೇಲೆ ಹೋಗುತ್ತದೆ.

ಬೆಟ್ಟದಿಂದ ಆ ಕಡೆ ಇಳಿದರೆ ಪಾಲಾರ್. ಸಣ್ಣ ಹೊಳೆ, ಆದರೆ ಸೇತುವೆಯ ಒಂದು ತುದಿ ಕರ್ನಾಟಕ, ಇನ್ನೊಂದು ತುದಿ ತಮಿಳುನಾಡು. ನಂದಿಬೆಟ್ಟದ ಕಡೆ ಹುಟ್ಟಿ ತಾನೇ ಬಂಗಾಳಕೊಲ್ಲಿ ಸೇರುವ ದೊಡ್ಡ ಪಾಲಾರ್ ಬೇರೆ. ನಮ್ಮದು ಕಾವೇರಿಗೇ ಸೇರಿಕೊಳ್ಳುವ ಬಡಪಾಯಿ. ಇದರ ಹೆಸರು ನಾಡಿಗೆಲ್ಲ ಗೊತ್ತಾದದ್ದು ಒಳ್ಳೆಯ ಕಾರಣಕ್ಕಲ್ಲ. 1993ರ ಏಪ್ರಿಲ್ 9ರಂದು ಕಾಡುಗಳ್ಳ ವೀರಪ್ಪನ್ ಇಲ್ಲೇ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದ. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು ಅವನನ್ನು ಶರಣಾಗಿಸಲು ಹೋಗಿ ಪ್ರಾಣ ಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಗೋಪಿನಾಥಂನವರು ಇಂದಿಗೂ ಕೈಮುಗಿದು ನೆನೆಯುತ್ತಾರೆ. ಇಷ್ಟು ಹೇಳಿ ನಾನೇ ಮಾತು ಬದಲಿಸಿದೆ. ಬೇಲಿ ಮೇಲೆ ಕೈಯಿಟ್ಟುಕೊಂಡು ಆಡುವ ಮಾತಲ್ಲ ಅದು.

ಪಾಲಾರ್ ಬಳಿ ನಿಂತರೆ ಕಾಣುವ ನೀರಿನ ಹರವು ಮೆಟ್ಟೂರು ಅಣೆಕಟ್ಟೆಯ ಹಿನ್ನೀರು. 1934ರಲ್ಲಿ ಕಟ್ಟಿ ಮುಗಿಸಿದ್ದು. ಬೇಸಿಗೆಯಲ್ಲಿ ನೀರು ಇಳಿದರೆ ಪಣ್ಣವಾಡಿಯ ಕಡೆ ಮುಳುಗಿದ್ದ ಹಳೇ ಚರ್ಚಿನ ಗೋಪುರವೂ ಗುಡಿಯ ನಂದಿಯೂ ತಲೆ ಎತ್ತುತ್ತವೆ, ಜನ ಟೀ ಅಂಗಡಿ ಹಾಕಿಕೊಂಡು ನೋಡಲು ನಿಲ್ಲುತ್ತಾರೆ. ಅಲ್ಲಿಂದ ಕೆಳಗೆ ಈರೋಡು, ತಿರುಚ್ಚಿ, ಕರಿಕಾಲ ಚೋಳನ ಕಲ್ಲಣೆ. ಹೆಚ್ಚಿನ ನೆರೆ ಕೊಳ್ಳಿಡಂ ಕವಲಿನಲ್ಲಿ ಹೋಗುತ್ತದೆ. ಕಾವೇರಿ ಎಂಬ ಹೆಸರು ಉಳಿಸಿಕೊಂಡ ಕವಲು ಗದ್ದೆಗಳಿಗೆ ಹಂಚಿ ಹಂಚಿ, ಒಂದು ಕಾಲಕ್ಕೆ ಯವನರ ಹಡಗು ಬರುತ್ತಿದ್ದ ಪೂಂಪುಹಾರಿನಲ್ಲಿ ಸಮುದ್ರ ಮುಟ್ಟುವಾಗ ಒಂದು ಕಾಲುವೆಯಷ್ಟಾಗಿರುತ್ತದೆ. ನಾನು ಹೋಗಿ ನೋಡಿದ್ದೇನೆ. ಕೊಳ್ಳೇಗಾಲದ ಹೊಳೆಯನ್ನು ಗೇಲಿ ಮಾಡಿದ ಮಾರಾಯರು ಅದನ್ನೇನಾದರೂ ನೋಡಿದರೆ ನಮ್ಮೂರಿನ ಬಂಡೆಗಳಿಗೆ ಕ್ಷಮೆ ಕೇಳುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ಕರಾವಳಿಯವರು ಕೇಳುವ ಪ್ರಶ್ನೆ ಒಂದೇ. "ಮೀನು?"

ಇದೆ ಎಂದೆ. ಮೆಟ್ಟೂರು ಕಟ್ಟುವ ಮೊದಲು ಬಂಗಾಳಕೊಲ್ಲಿಯಿಂದ ಹಿಲ್ಸಾ ಮೀನು ಮೊಟ್ಟೆಯಿಡಲು ಕಾವೇರಿಯಲ್ಲಿ ಮೇಲಕ್ಕೆ ಈಜಿ ಬರುತ್ತಿತ್ತು. ಗೋಡೆ ಎದ್ದ ಮೇಲೆ ಅದು ನಿಂತಿತು. ಕಡಲು ನಮ್ಮ ಕಡೆ ಕಳಿಸುತ್ತಿದ್ದ ಉಡುಗೊರೆ ಅದೊಂದೇ ಇರಬೇಕು. ಈಗ ಹೆಮ್ಮೆಯೆಂದರೆ ಮಹಶೀರ್. ಕಿತ್ತಳೆ ಬಣ್ಣದ ರೆಕ್ಕೆ, ಡುಬ್ಬದ ಬೆನ್ನು, ಕಾವೇರಿ ಸೀಮೆ ಬಿಟ್ಟು ಇನ್ನೆಲ್ಲೂ ಇಲ್ಲದ ಜಾತಿ. ಅಳಿವಿನ ಅಂಚಿಗೆ ಬಂದಿದೆಯೆಂದು 2018ರಲ್ಲಿ ಕೆಂಪು ಪಟ್ಟಿಗೆ ಸೇರಿಸಿದರು. ಮುಟ್ಟುವಂತಿಲ್ಲ.

"ನಮ್ಮ ತೊಡಿಕಾನದಲ್ಲೂ ಅದರ ಬಳಗದ್ದೇ ಉಂಟು," ಎಂದು ಮಾರಾಯರ ಮುಖ ಅರಳಿತು. "ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರ ಮತ್ಸ್ಯತೀರ್ಥ. ದೇವರ ಮೀನು. ಅಕ್ಕಿ ಹಾಕೂದು, ನೋಡೂದು. ಅದನ್ನೂ ತಿನ್ನಲಿಕ್ಕಿಲ್ಲ." ಗುಡ್ಡದ ಆ ಕಡೆಯೂ ಈ ಕಡೆಯೂ ಒಳ್ಳೆಯ ಮೀನುಗಳಿಗೆಲ್ಲ ಯಾರಾದರೊಬ್ಬರು ಕಾವಲಿದ್ದಾರೆ, ಒಂದು ಕಡೆ ದೇವರು, ಇನ್ನೊಂದು ಕಡೆ ಅರಣ್ಯ ಇಲಾಖೆ. ತಿನ್ನುವ ಮೀನೆಂದರೆ ಹೊಗೇನಕಲ್ಲಿಗೆ ಹೋಗಬೇಕು. ಅಲ್ಲಿ ತೆಪ್ಪದ ಸವಾರಿ ಮುಗಿಸಿ ಬಂದವರಿಗೆ ಮಸಾಲೆ ಹಚ್ಚಿ ಅಲ್ಲೇ ಹುರಿದು ಕೊಡುತ್ತಾರೆ. ಬೆಟ್ಟದಿಂದ ಪಾಲಾರ್, ಗೋಪಿನಾಥಂ ಮೇಲೆ ಹೋದರೆ ನಮ್ಮ ದಡದಿಂದಲೇ ನೋಡಬಹುದು ಎಂದೆ.

ಮಾರಾಯರು ತಕ್ಷಣ ಲೆಕ್ಕ ಹಾಕಿದರು. ಬೆಳಿಗ್ಗೆ ಹೊರಟರೆ ಬೆಟ್ಟಕ್ಕೆ 80 ಕಿಲೋಮೀಟರ್, ಅಲ್ಲಿಂದ ಮುಂದೆ ಹೊಳೆ, ಮಧ್ಯಾಹ್ನಕ್ಕೆ ಮೀನು, ಸಂಜೆ ಮಾದಪ್ಪನ ದರ್ಶನ.

"ಮೀನ್ ತಿಂದು ಬೆಟ್ಟ ಅತ್ತೀಯ?" ಅವ್ವ ಎದ್ದೇ ನಿಂತಳು. "ಮೊದ್ಲು ಅಂತರಗಂಗೆಲಿ ಮೀಯಿ, ಮಾದಪ್ಪುನ್ ನೋಡು, ಪರಸಾದ ಉಣ್ಣು. ಮೀನು ಗೀನು ಎಲ್ಲಾ ಬೆಟ್ಟ ಇಳುದ್ ಮೇಲೆ."

"ಆಯ್ತು ಅಮ್ಮ, ಮೊದಲು ಬೆಟ್ಟ. ಹೇಗೂ ಸೋಮವಾರ ನನಗೆ ರಜೆ ಉಂಟು."

"ಸೋಮಾರವಾ? ಮಾದಪ್ಪುನ್ ವಾರ ಕನಪ್ಪ ಅದು. ಅವತ್ತು ಬೆಟ್ಟ ಇಳುದ್ರೂ ಮೀನ್ ಮುಟ್ಟಂಗಿಲ್ಲ."

ಮಾರಾಯರು ಕೊಯ್ದ ತೊಂಡೆಕಾಯಿಯನ್ನೆಲ್ಲ ಲುಂಗಿಯ ಮಡಿಲಿಗೆ ತುಂಬಿಕೊಂಡು, ಮಂಗಳವಾರಕ್ಕೂ ರಜೆ ಬರೆಯಲಿಕ್ಕೆ ಆಗುತ್ತದಾ ಎಂದು ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಒಳಗೆ ಹೋದರು.